ಕಳಚಿದ ಚೈನು: ಮತ್ತೊಮ್ಮೆ ‘ಶಿವ’

ಡಿಸ್ಟೋಪಿಯಾ ಎಂದ ಕೂಡಲೇ ನಮ್ಮಂಥವರ ಕಣ್ಣಿಗೆ ಕಟ್ಟುವುದು ‘ಬ್ಲೇಡ್ ರನ್ನರ್’. 1982ರಲ್ಲಿ ಕೂತು ರಿಡ್ಲಿ ಸ್ಕಾಟ್ ಕಲ್ಪಿಸಿದ 2019ರ ಲಾಸ್ ಏಂಜಲೀಸ್. ಬಿಡದೆ ಸುರಿಯುವ ಮಳೆ, ನಿಯಾನ್ ದೀಪ, ಕಟ್ಟಡದಷ್ಟು ಎತ್ತರದ ಜಾಹೀರಾತು. ರಾತ್ರಿ ಪಾಳಿ ಮುಗಿಸಿ ರಾಯದುರ್ಗ ಮೆಟ್ರೋ ನಿಲ್ದಾಣದ (ನಮ್ಮ ಬಳ್ಳಾರಿ ಪಕ್ಕದ ರಾಯದುರ್ಗವಲ್ಲ, ಹೈದರಾಬಾದಿನದು) ಮೆಟ್ಟಿಲ ಮೇಲೆ ನಿಂತು ನೋಡಿದರೆ ಆ ಸೆಟ್ಟಿನೊಳಗೇ ಬಂದುಬಿಟ್ಟೆವೇನೋ ಅನ್ನಿಸುತ್ತದೆ. ಗಾಜು, ಬೆಳಕು, ಮುಖ ತಗ್ಗಿಸಿ ನಡೆಯುವ ಜನ. ಆದರೆ ಈ ಊರಿನ ನಿಜವಾದ ಡಿಸ್ಟೋಪಿಯಾ ಸಿನಿಮಾ ಅದಲ್ಲ, ರಾಮ್ ಗೋಪಾಲ್ ವರ್ಮಾ ಅವರ ‘ಶಿವ’ ಎಂಬುದು ನನ್ನ ವಾದ. ಬಿಡುಗಡೆಯಾದದ್ದು 1989ರ ಅಕ್ಟೋಬರಿನಲ್ಲಿ. ಅದರಲ್ಲಿ ಭವಿಷ್ಯವಿಲ್ಲ, ಯಂತ್ರಮಾನವರಿಲ್ಲ. ಇರುವುದು ಕಾಲೇಜು, ಕ್ಯಾಂಟೀನು, ಸೈಕಲ್ ಸ್ಟ್ಯಾಂಡು, ಧಾರಾಳವಾಗಿ ಹಗಲು ಬಿಸಿಲು.

ಕಥೆ ಬಹುಪಾಲು ಎಲ್ಲರಿಗೂ ಗೊತ್ತು. ಶಿವ (ನಾಗಾರ್ಜುನ) ಅಣ್ಣನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಸೇರುತ್ತಾನೆ. ಅಲ್ಲಿ ಜೆ.ಡಿ. ಎಂಬ ವಿದ್ಯಾರ್ಥಿ ನಾಯಕನದೇ ದರ್ಬಾರು. ಅವನ ಹಿಂದೆ ಭವಾನಿ (ರಘುವರನ್), ಭವಾನಿಯ ಹಿಂದೆ ರಾಜಕಾರಣಿ ಮಾಚಿರಾಜು (ಕೋಟ ಶ್ರೀನಿವಾಸ ರಾವ್). ಶಿವ ಒಮ್ಮೆ ತಿರುಗಿ ಹೊಡೆಯುತ್ತಾನೆ. ಆಮೇಲೆ ನಿಲ್ಲಿಸುವುದು ಯಾರ ಕೈಯಲ್ಲೂ ಇರುವುದಿಲ್ಲ. ಬ್ರೂಸ್ ಲೀಯ ‘ವೇ ಆಫ್ ದಿ ಡ್ರ್ಯಾಗನ್’ನ ರೆಸ್ಟೋರೆಂಟನ್ನು ಕಾಲೇಜು ಮಾಡಿದೆ ಎಂದು ವರ್ಮಾ ಅವರೇ ಹೇಳಿಕೊಂಡಿದ್ದಾರೆ. ಇರಬಹುದು. ಆದರೆ ಆ ರೆಸ್ಟೋರೆಂಟಿನಲ್ಲಿ ಇಲ್ಲದ್ದೊಂದು ಇಲ್ಲಿದೆ, ಅದು ರಿಪೋರ್ಟಿಂಗ್ ಲೈನು.

ನಗಬೇಡಿ. ಹದಿನೈದು ವರ್ಷ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ದುಡಿದವನಿಗೆ ಇದು ಮೊದಲು ಕಾಣುತ್ತದೆ. ಜೆ.ಡಿ. ಕೆಳಹಂತದ ಟೀಮ್ ಲೀಡು. ಗಣೇಶ್ ಹೇಳಿದ ಕೆಲಸ ಮುಗಿಸಿ ಬರುವವನು. ಭವಾನಿ ತಾನಾಗಿ ಕೈ ಎತ್ತುವುದು ಅಪರೂಪ. ಮಾಚಿರಾಜುವಿಗೆ ಬೇಕಾದ್ದು ಫಲಿತಾಂಶ ಮಾತ್ರ, ವಿಧಾನದ ವಿವರ ಅವನಿಗೆ ಬೇಡ. ಕೆಳಗಿನವನು ಸೋತರೆ ವಿಷಯ ಒಂದು ಹಂತ ಮೇಲೆ ಹೋಗುತ್ತದೆ, ಅಷ್ಟೇ. ಅಲ್ಲಿಯವರೆಗಿನ ಸಿನಿಮಾಗಳ ಖಳನಾಯಕ ಗುಹೆಯಲ್ಲೋ ಬಂಗಲೆಯಲ್ಲೋ ಕೂತು ಅಟ್ಟಹಾಸ ಮಾಡುತ್ತಿದ್ದ. ಭವಾನಿ ಸಾಧಾರಣ ಅಂಗಿ ಹಾಕಿಕೊಂಡು, ದನಿ ಏರಿಸದೆ, ಬೇಸರಗೊಂಡ ಅಧಿಕಾರಿಯ ಹಾಗೆ ಕೂತಿರುತ್ತಾನೆ. ರಘುವರನ್ ಅವರ ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚು. ಮನುಷ್ಯನೊಬ್ಬನನ್ನು ಮುಗಿಸುವುದು ಅವನಿಗೆ ಬಾಕಿ ಉಳಿದ ಕೆಲಸ. ನನಗೆ ಭಯವಾದದ್ದು ಅಲ್ಲಿ.

ಈಗ ಆ ಚೈನಿನ ದೃಶ್ಯ. ಜೆ.ಡಿ.ಯ ಜತೆ ಜಗಳವಾದಾಗ ಶಿವ ಪಕ್ಕದ ಸೈಕಲ್ಲಿಗೆ ಕೈ ಹಾಕಿ ಚೈನನ್ನು ಕಿತ್ತುಕೊಳ್ಳುತ್ತಾನೆ. ಬರಿಗೈಯಲ್ಲಿ ಸೈಕಲ್ ಚೈನು ಕಿತ್ತು ಬರುವುದಿಲ್ಲ ಎಂದು ನನ್ನ ಎಂಟೆಕ್ ತಲೆ ಗೊಣಗುತ್ತದೆ, ಗೊಣಗಲಿ. ಚಿತ್ರ ಬಂದ ಮೇಲೆ ನಮ್ಮ ಬಳ್ಳಾರಿಯ ಹುಡುಗರೂ ಸೈಕಲ್ ಮುಂದೆ ನಿಂತು ಅದನ್ನೇ ನಟಿಸುತ್ತಿದ್ದರು. (ಬಳ್ಳಾರಿಯವರಿಗೆ ತೆಲುಗು ಸಿನಿಮಾ ಪರಭಾಷೆಯದ್ದಾಗಿ ಇದ್ದದ್ದು ಯಾವಾಗ?) ಆಗ ಕಂಡದ್ದು ಗಂಡಸುತನ. ಈಗ ನೋಡಿದರೆ ಬೇರೆ ಕಾಣುತ್ತದೆ. ಸೈಕಲ್ಲು ಬಡ ವಿದ್ಯಾರ್ಥಿಯ ವಾಹನ. ಕಾಲೇಜಿಗೆ ಬರಲು, ಮನೆಗೆ ಮರಳಲು ಇರುವ ಒಂದೇ ಸಾಧನ. ಅದರ ಚೈನು ಆಯುಧವಾದ ಕ್ಷಣದಿಂದ ಸೈಕಲ್ಲು ನಿಂತಲ್ಲೇ ನಿಲ್ಲುತ್ತದೆ. ಇನ್ನು ಅದರ ಮೇಲೆ ಯಾರೂ ಮನೆಗೆ ಹೋಗುವ ಹಾಗಿಲ್ಲ.

ಇದು ನನ್ನ ಅತಿ ಓದು ಅನ್ನಿಸಿದರೆ ಮುಂದಿನ ಸೈಕಲ್ ದೃಶ್ಯ ನೋಡಿ. ಶಿವ ಅಣ್ಣನ ಪುಟ್ಟ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೊರಟಿದ್ದಾನೆ. ಹಿಂದೆ ಕಾರು. ಓಣಿ ಕಿರಿದಾಗುತ್ತ ಹೋಗುತ್ತದೆ, ಮಗು ಹೆದರಿ ಹಿಡಿದುಕೊಂಡಿದೆ. ಹೀರೋ ಓಡಿ ತಪ್ಪಿಸಿಕೊಳ್ಳುವ ಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇವೆ, ಆದರೆ ತನ್ನ ಮೈಭಾರದ ಜತೆ ಇನ್ನೊಂದು ಜೀವದ ಭಾರವನ್ನೂ ತುಳಿಯುತ್ತ ಓಡುವವನು ವಿರಳ. ಆ ಮಗುವನ್ನು ಕೊನೆಗೆ ಭವಾನಿ ಕೊಲ್ಲುತ್ತಾನೆ. ಆಮೇಲೆ ಮಹಡಿಯ ಮೇಲಿನ ಹೊಡೆದಾಟದಲ್ಲಿ ಶಿವ ಗೆಲ್ಲುತ್ತಾನೆ ಎಂಬುದಕ್ಕೆ ಏನು ಅರ್ಥ? ಭವಾನಿ ಹೋದ, ಅವನ ಜಾಗ ಖಾಲಿಯಾಯಿತು. ಅಷ್ಟರೊಳಗೆ ಶಿವನಿಗೂ ಹಿಂಬಾಲಕರಿದ್ದಾರೆ, ಮಾಹಿತಿ ತರುವವರಿದ್ದಾರೆ, ಅವನ ಮಾತಿಗೆ ಕಾಯುವವರಿದ್ದಾರೆ. ಎದುರಾಳಿಯ ಸಂಘಟನೆಯ ನಕಲನ್ನು ಕಟ್ಟದೆ ಅವನನ್ನು ಎದುರಿಸಲಾಗದ ಊರು ಅದು. ಒಳ್ಳೆಯವನಿಗೂ ಹೊರದಾರಿ ಇಲ್ಲದಿರುವುದನ್ನೇ ಅಲ್ಲವೇ ಡಿಸ್ಟೋಪಿಯಾ ಅನ್ನುವುದು?

ಕನ್ನಡದಲ್ಲಿ ಇದಕ್ಕೆ ಹಿರಿಯಣ್ಣ ಒಬ್ಬನಿದ್ದಾನೆ: 1981ರ ‘ಅಂತ’. ರಾಜೇಂದ್ರ ಸಿಂಗ್ ಬಾಬು ಅವರ ಆ ಚಿತ್ರದಲ್ಲಿ ಕೊಳೆ ಇರುವುದು ಮೇಲೆ, ದೊಡ್ಡವರ ಕೋಣೆಗಳಲ್ಲಿ. ಅಂಬರೀಶ್ ಅವರ ಇನ್ಸ್‌ಪೆಕ್ಟರ್ ಅನುಭವಿಸುವ ಚಿತ್ರಹಿಂಸೆಯನ್ನು ಇವತ್ತಿಗೂ ಪೂರ್ತಿ ಕಣ್ಣು ತೆರೆದು ನೋಡಲಾರೆ. ತಮ್ಮನೂ ಇದ್ದಾನೆ, 1995ರ ‘ಓಂ’. ಉಪೇಂದ್ರ ಅವರು ನಿಜವಾದ ರೌಡಿಗಳನ್ನೇ ತಂದು ನಿಲ್ಲಿಸಿದರು. ಎರಡೂ ದೊಡ್ಡ ದನಿಯ ಚಿತ್ರಗಳು, ಆ ದನಿ ಅವುಗಳಿಗೆ ಬೇಕಾಗಿತ್ತು ಕೂಡ. ‘ಶಿವ’ದ ದಾರಿ ಬೇರೆ. ಆಗ ತೆಲುಗಿಗೆ ಹೊಸದಾಗಿದ್ದ ಸ್ಟೆಡಿಕ್ಯಾಮ್ ನಮ್ಮನ್ನು ಪಾತ್ರಗಳ ಬೆನ್ನಿಗೇ ಕಟ್ಟಿ ನಡೆಸುತ್ತದೆ. ಹೊಡೆತ ಬೀಳುವುದಕ್ಕಿಂತ ಮುಂಚಿನ ನಡಿಗೆಯೇ ಉದ್ದ. ಇಳಯರಾಜ ಅವರು ಎಲ್ಲಿ ಸಂಗೀತ ತೆಗೆದುಬಿಡಬೇಕೆಂದು ಬಲ್ಲರು. ಮಲ್ಲಿ ಎಂಬ ಗೆಳೆಯನನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವಾಗ ನೆನಪಿನಲ್ಲಿ ಉಳಿಯುವುದು ಸುತ್ತಲಿನ ನಗರ ಏನೂ ಮಾಡದೆ ಇರುವುದು.

ಕೊರತೆಗಳೂ ಇವೆ. ಕಾಲೇಜು ತಪ್ಪಿಸುವ ಹಾಡು ಕೇಳಲು ಚೆನ್ನ, ಆದರೆ ಕಟ್ಟಿದ ಬಿಗಿಯನ್ನು ಪೂರ್ತಿ ಸಡಿಲಿಸುತ್ತದೆ. ಅಮಲಾ ಅವರ ಆಶಾ ಮೊದಲ ಭಾಗದಲ್ಲಿ ಚುರುಕು, ಸ್ವಂತ ಮಾತಿನ ಹುಡುಗಿ. ಮದುವೆಯಾದ ಮೇಲೆ ಗಂಡನಿಗೆ ಕಾಯುವ ಮುಖ ಮಾತ್ರ. ಪಾಠ ಎಂಬುದಂತೂ ಆ ಕಾಲೇಜಿನಲ್ಲಿ ನಡೆಯುವುದು ಹಾಡಿನ ನೆಪಕ್ಕೆ. ಈ ಕೊನೆಯದನ್ನು ಮಾತ್ರ ತಪ್ಪು ಅನ್ನಲಾರೆ.

ವರ್ಮಾ ಕೂಡ ಇಂಜಿನಿಯರೇ. ವಿಜಯವಾಡದಲ್ಲಿ ಸಿವಿಲ್ ಓದಿ, ಹೈದರಾಬಾದಿನಲ್ಲಿ ಹೋಟೆಲ್ ಕಟ್ಟಡವೊಂದರ ಸೈಟ್ ಇಂಜಿನಿಯರ್ ಆಗಿದ್ದು, ಆಮೇಲೆ ಅಮೀರ್‌ಪೇಟೆಯಲ್ಲಿ ವಿಡಿಯೋ ಅಂಗಡಿ ಇಟ್ಟವರು. ಅದೇ ಅಮೀರ್‌ಪೇಟೆ, ಮೈತ್ರಿವನಂ ಸುತ್ತ ಜಾವಾ, ಎಸ್‌ಎಪಿ ಕಲಿಯಲು ರಾಯಚೂರು, ಕಲಬುರಗಿ, ಬೀದರಿನಿಂದ ಬಂದು ನಾವೆಲ್ಲ ಒಂದೇ ಕೋಣೆಯಲ್ಲಿ ಆರು ಮಂದಿ ಮಲಗಿದ ಜಾಗ. ಅಲ್ಲಿ ಕಾಲೇಜಿನ ಗೂಂಡಾ ಇರಲಿಲ್ಲ, ಚುನಾವಣೆಯೂ ಇರಲಿಲ್ಲ. ಯಾರೂ ಯಾರನ್ನೂ ಹೊಡೆಯಲಿಲ್ಲ, ಯಾರೂ ಯಾವುದಕ್ಕೂ ಎದ್ದು ನಿಲ್ಲಲೂ ಇಲ್ಲ.

2025ರ ನವೆಂಬರಿನಲ್ಲಿ ಚಿತ್ರ 4ಕೆಯಲ್ಲಿ, ಹೊಸ ಡಾಲ್ಬಿ ಅಟ್ಮಾಸ್ ಶಬ್ದದೊಂದಿಗೆ ಮತ್ತೆ ಬಂತು. ನಮ್ಮ ತಂಡದ ಮೂವರು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಚೈನು ಕಿತ್ತಾಗ ಶಿಳ್ಳೆಯೋ ಶಿಳ್ಳೆ. ಒಬ್ಬನಿಗೆ ಚಿತ್ರ ಮಾಮೂಲಿ ಅನ್ನಿಸಿತಂತೆ. ಸರಿಯೇ, ಆಮೇಲೆ ಬಂದವರೆಲ್ಲ ಇದರಿಂದಲೇ ತೆಗೆದುಕೊಂಡರೆ ಮೂಲವೇ ನಕಲಿನಂತೆ ಕಾಣುತ್ತದೆ. ಇನ್ನೊಬ್ಬಳು, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ, ಪಾರ್ಕಿಂಗ್‌ನಲ್ಲಿ ಕೇಳಿದಳು: “ಸರ್, ಆ ಕಾಲೇಜಿನ ಮೇಷ್ಟ್ರುಗಳೆಲ್ಲ ಎಲ್ಲಿದ್ರು?”

ಪರದೆಯ ಮೇಲೆ ಇದ್ದರು. ಸ್ಟಾಫ್ ರೂಮಿನ ಕಡೆ ನಡೆದು ಹೋಗುತ್ತಿದ್ದರು.