ಹೊತ್ತುಗೊತ್ತಿರುವ ಯಂತ್ರ

ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಆಸ್ಟರಿಸ್ಕ್ ಎಂಬ ತಂತ್ರಾಂಶ ಹಾಕಿ ಕಚೇರಿಯ ಫೋನುಗಳನ್ನೆಲ್ಲ ಅದರಡಿ ತರೋಣ ಎಂದು ಹೊರಟವರು ಮೊದಲು ಕೇಳುವುದು ಒಂದೇ ಮಾತು: ಎಷ್ಟು ಕೋರ್ ಬೇಕು, ಎಷ್ಟು ಜಿಬಿ ರ‍್ಯಾಮ್ ಬೇಕು? ಕೊಟೇಶನ್ ಕೊಡುವವರೂ ಅದಕ್ಕೇ ಉತ್ತರ ಬರೆಯುತ್ತಾರೆ. ಸರ್ವರ್ ಆರಿಸುವ ಈ ರೂಢಿಯನ್ನು ಬಹುಕಾಲ ನಾನೂ ಪಾಲಿಸಿದೆ. ಈಗ ಅದು ಬುಡದಲ್ಲೇ ತಪ್ಪು ಎಂದು ಹೇಳಬೇಕಾಗಿದೆ. ಕಂಪ್ಯೂಟರಿನ ಬೇರೆ ಕೆಲಸಗಳಿಗೆ ಬೇಕಾದದ್ದು ಬಲ. ಮಾತು ಸಾಗಿಸುವ ಕೆಲಸಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಹಾಜರಾಗುವ ಗುಣ. ಈ ಎರಡೂ ಒಂದೇ ಯಂತ್ರದಲ್ಲಿ ಇದ್ದೇ ಇರುತ್ತವೆ ಎಂಬ ಖಾತರಿಯಿಲ್ಲ.

ಇದರ ಬೇರು ಆಸ್ಟರಿಸ್ಕ್ ಹುಟ್ಟಿದ ಬಗೆಯಲ್ಲೇ ಇದೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಅದನ್ನು ಬರೆಯಲು ಕೂತದ್ದು ತನ್ನ ಪುಟ್ಟ ಲಿನಕ್ಸ್ ಕಂಪನಿಗೆ ಫೋನ್ ವ್ಯವಸ್ಥೆ ಕೊಳ್ಳುವಷ್ಟು ಹಣವಿಲ್ಲದ್ದರಿಂದ. ಹೊರಗಿನ ಟೆಲಿಫೋನ್ ತಂತಿಯ ನಂಟು ಅದಕ್ಕೆ ಸಿಕ್ಕಿದ್ದು ಜಿಮ್ ಡಿಕ್ಸನ್ ಅವರ ಜಪಾಟಾ ಯೋಜನೆಯಿಂದ. ಅಲ್ಲಿಯವರೆಗೆ ಪಿಸಿಗೆ ಹಾಕುವ ಟೆಲಿಫೋನ್ ಕಾರ್ಡ್ ಎಂದರೆ ಲೆಕ್ಕ ಮಾಡುವ ಚಿಪ್‌ಗಳನ್ನು ತಾನೇ ಹೊತ್ತ ದುಬಾರಿ ಸರಕು. ಕಾರ್ಡು ಬರಿಯ ಕೊಳವೆಯಾಗಿರಲಿ, ಲೆಕ್ಕವನ್ನೆಲ್ಲ ಪಿಸಿಯ ಪ್ರೊಸೆಸರೇ ಮಾಡಲಿ ಎಂದರು ಡಿಕ್ಸನ್. ದಿಟ್ಟ ಯೋಚನೆ. ಲಕ್ಷಗಟ್ಟಲೆ ಬೆಲೆಯ ಇಪಿಎಬಿಎಕ್ಸ್ ಕೊಳ್ಳಲಾರದ ಸಣ್ಣ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು ಅದೇ. ಆದರೆ ಕಾರ್ಡಿನಲ್ಲಿ ಉಳಿಸಿದ ಹಣಕ್ಕೆ ಬದಲಾಗಿ ಪಿಸಿ ಒಂದು ಕಠಿಣ ಕರಾರಿಗೆ ಸಿಕ್ಕಿಕೊಂಡಿತು.

ಆ ಕರಾರು ಹೀಗಿದೆ. ನಮ್ಮಲ್ಲಿ ಬರುವ ಪಿಆರ್‌ಐ ಎಂಬ ಒಂದು ಡಿಜಿಟಲ್ ಲೈನಿನಲ್ಲಿ ಮಾತಿಗೆಂದೇ 30 ಚಾನೆಲ್. ಪ್ರತಿ ಚಾನೆಲ್ಲಿನಲ್ಲೂ ಧ್ವನಿ ಸೆಕೆಂಡಿಗೆ 8000 ತುಣುಕಾಗಿ ಬರುತ್ತದೆ. ಕಾರ್ಡು ಸೆಕೆಂಡಿಗೆ 1000 ಸಲ ಪ್ರೊಸೆಸರಿನ ಬಾಗಿಲು ಬಡಿಯುತ್ತದೆ. ಪ್ರತಿ ಬಡಿತಕ್ಕೆ ಚಾನೆಲ್ಲಿಗೆ 8 ಬೈಟಿನಂತೆ 240 ಬೈಟ್ ಒಳಗೆ, 240 ಬೈಟ್ ಹೊರಗೆ. ಕೆಲಸದ ಗಾತ್ರ ನೋಡಿದರೆ ಏನೂ ಅಲ್ಲ, ಹಳೆಯ ಪೆಂಟಿಯಮ್ ಕೂಡ ಮಾಡಿಬಿಡುತ್ತದೆ. ಆದರೆ ಮುಂದಿನ ಬಡಿತದೊಳಗೆ, ಅಂದರೆ ಒಂದು ಮಿಲಿಸೆಕೆಂಡಿನಲ್ಲಿ, ಬಾಗಿಲು ತೆರೆಯಲೇಬೇಕು. ಫೈಲ್ ನಕಲಿಸುವಾಗ ಒಂದು ತುಂಡು ತಪ್ಪಿದರೆ ಮತ್ತೆ ಕೇಳಿ ತರಿಸಬಹುದು. ಬಾಯಿಂದ ಹೊರಟ ಮಾತಿಗೆ ಆ ಅವಕಾಶವಿಲ್ಲ.

ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ನಾವು ವ್ಯವಸ್ಥೆ ಹಾಕಿಕೊಟ್ಟಾಗ ಈ ಪಾಠ ಮೈಗೆ ತಾಗಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಆರಿಸಿ, ಆ ಹೊತ್ತಿಗೆ ಸಿಗುತ್ತಿದ್ದ ವೇಗದ ಪ್ರೊಸೆಸರನ್ನೇ ಹಾಕಿ ಜೋಡಿಸಿದ ಯಂತ್ರ. ಮೂರನೇ ದಿನಕ್ಕೆ ರಿಸೆಪ್ಷನ್ನಿನ ಹುಡುಗಿ ಹೇಳಿದಳು: "ಸರ್, ಮಾತಿನ ಮಧ್ಯೆ ಚಟ್ ಚಟ್ ಅನ್ನುತ್ತೆ. ಪೇಷಂಟ್ ಹೇಳೋ ನಂಬರ್ ಅರ್ಧ ಕೇಳಿಸಲ್ಲ." ಲ್ಯಾಬಿನ ಫ್ಯಾಕ್ಸುಗಳು ನಡುವೆಯೇ ತುಂಡಾಗುತ್ತಿದ್ದವು. ನಾವು ರ‍್ಯಾಮ್ ಹೆಚ್ಚಿಸಿದೆವು, ಪ್ರೊಸೆಸರ್ ಬದಲಿಸಿದೆವು. ಚಟ್ ಚಟ್ ಹಾಗೇ ಇತ್ತು. ಕಡೆಗೆ ಲಿನಕ್ಸಿನ ಇಂಟರಪ್ಟ್ ಪಟ್ಟಿ, ಅಂದರೆ ಆ ಬಾಗಿಲು ಬಡಿತಗಳ ಪಟ್ಟಿ, ತೆಗೆದು ನೋಡಿದರೆ ಫೋನ್ ಕಾರ್ಡೂ ಡಿಸ್ಕ್ ಕಂಟ್ರೋಲರೂ ಒಂದೇ ಸಾಲನ್ನು ಹಂಚಿಕೊಂಡು ಕೂತಿವೆ. ಡಿಸ್ಕ್ ಬರೆಯಲು ತೊಡಗಿದಾಗಲೆಲ್ಲ ಫೋನ್ ಕಾರ್ಡ್ ಬಾಗಿಲಲ್ಲಿ ಕಾಯಬೇಕು. ಕಾರ್ಡನ್ನು ಪಕ್ಕದ ಸ್ಲಾಟಿಗೆ ಸರಿಸಿ, ಬಯಾಸ್‌ನಲ್ಲಿ ಬೇಡದ ಸೌಂಡ್ ಮತ್ತು ಯುಎಸ್‌ಬಿಗಳನ್ನು ಆಫ್ ಮಾಡಿದೆವು. ಡ್ರೈವರಿನ ಜೊತೆಗೇ ಬರುವ ಗಡಿಯಾರದ ಪರೀಕ್ಷೆ ಓಡಿಸಿದಾಗ ನಿಖರತೆ ಶೇಕಡಾ 99.98 ದಾಟಿತು. ಅದಕ್ಕಿಂತ ಕೆಳಗಿದ್ದರೆ ತೊಂದರೆ ಖಚಿತ ಎಂಬುದು ಈ ಕೆಲಸ ಮಾಡುವವರೆಲ್ಲ ಬಲ್ಲ ಗೆರೆ. 98 ಎಂದರೆ ಶಾಲೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ, ಫೋನಿನಲ್ಲಿ ಅದು ಕೇಳಲಾಗದ ಕರ್ಕಶ. ಈ ದುರಸ್ತಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಆಗ ನಾವೆಲ್ಲ ನೆಚ್ಚಿಕೊಂಡಿದ್ದ ಪುಸ್ತಕವೆಂದರೆ 2005ರಲ್ಲಿ ಓರೈಲಿ ತಂದ 'ಆಸ್ಟರಿಸ್ಕ್: ದ ಫ್ಯೂಚರ್ ಆಫ್ ಟೆಲಿಫೊನಿ'. ವ್ಯಾನ್ ಮೆಗ್ಗೆಲೆನ್, ಸ್ಮಿತ್, ಮ್ಯಾಡ್ಸನ್ ಮೂವರು ಬರೆದದ್ದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿಯೂ ಓದಲು ಬಿಟ್ಟ ಪುಸ್ತಕ. ಯಂತ್ರ ಸಿದ್ಧಪಡಿಸುವುದಕ್ಕೇ ಅದರಲ್ಲೊಂದು ಅಧ್ಯಾಯವಿದೆ. ಅಲ್ಲಿನ ಒಂದು ಕೋಷ್ಟಕದಲ್ಲಿ 5 ಚಾನೆಲ್ಲಿನವರೆಗೆ 400 ಮೆಗಾಹರ್ಟ್ಜ್, 10ರವರೆಗೆ 1 ಗಿಗಾಹರ್ಟ್ಜ್, 25ರವರೆಗೆ 3 ಗಿಗಾಹರ್ಟ್ಜ್, ಅದರ ಮೇಲೆ ಜೋಡಿ ಪ್ರೊಸೆಸರ್ ಎಂದಿದೆ. ಓದುಗರು ಆ ಕೋಷ್ಟಕವನ್ನು ಬರೆದುಕೊಂಡು ಅಂಗಡಿಗೆ ಓಡಿದರು. ಅದೇ ಅಧ್ಯಾಯದಲ್ಲಿ ವಿದ್ಯುತ್ತಿನ ಶುದ್ಧಿ, ಯುಪಿಎಸ್, ಅರ್ಥಿಂಗ್, ಯಂತ್ರ ಇಡುವ ಕೋಣೆ ಇವುಗಳ ಬಗ್ಗೆ ಇರುವ ಪುಟಗಳು ನನ್ನ ಲೆಕ್ಕದಲ್ಲಿ ಇಡೀ ಪುಸ್ತಕದ ಅತ್ಯಂತ ಬೆಲೆಬಾಳುವ ಪುಟಗಳು. ಅವನ್ನು ಓದಿದವರು ಕಡಿಮೆ. ಲೇಖಕರ ದೋಷವೆಂದರೆ ಕೋಷ್ಟಕವನ್ನು ಮುಂದಿಟ್ಟು ಅರ್ಥಿಂಗನ್ನು ಹಿಂದಿಟ್ಟದ್ದು. ನಾನು ಸಂಪಾದಕನಾಗಿದ್ದರೆ ಕೋಷ್ಟಕವನ್ನೇ ತೆಗೆದುಹಾಕುತ್ತಿದ್ದೆ.

ಏಕೆಂದರೆ ಆ ಕೋಷ್ಟಕ ಚಾನೆಲ್ ಎಣಿಸುತ್ತದೆ, ಚಾನೆಲ್ಲಿನೊಳಗೆ ನಡೆಯುವ ಕೆಲಸವನ್ನು ಎಣಿಸುವುದಿಲ್ಲ. ಧ್ವನಿಯನ್ನು ಅಂಕಿಗಳಾಗಿಸುವ ಕ್ರಮಕ್ಕೆ ಕೊಡೆಕ್ ಎನ್ನುತ್ತಾರೆ. ಜಿ.711 ಎಂಬ ಕೊಡೆಕ್ಕಿನಲ್ಲಿ ಬಂದ ಕರೆಯನ್ನು ಜಿ.711ರಲ್ಲೇ ಕಳಿಸಿದರೆ ಪ್ರೊಸೆಸರಿಗೆ ಸಾಗಣೆಯ ಕೂಲಿ ಮಾತ್ರ. ಅದನ್ನೇ ಜಿ.729ಕ್ಕೆ ಪರಿವರ್ತಿಸಬೇಕಾದರೆ ಪ್ರತಿ ಕರೆಗೂ ದುಬಾರಿ ಲೆಕ್ಕ ಶುರು. ನೂರು ಕರೆಯನ್ನು ಅನಾಯಾಸವಾಗಿ ಹೊತ್ತ ಯಂತ್ರ ಪರಿವರ್ತನೆ ಬಂದೊಡನೆ ಏದುಸಿರು ಬಿಡುತ್ತದೆ. ಹಾಗಾಗಿ ಟ್ಯೂನಿಂಗಿನಲ್ಲಿ ಮೊದಲ ಕೆಲಸ ಫೋನಿನಿಂದ ಹೊರಗಿನ ಟ್ರಂಕ್ ಲೈನಿನವರೆಗೆ ಒಂದೇ ಕೊಡೆಕ್ ಇರುವಂತೆ ನೋಡಿಕೊಳ್ಳುವುದು. ಜಿ.711ರ ಎರಡು ಬಗೆಗಳಲ್ಲಿ ಅಮೆರಿಕದ ರೂಢಿಯಾದ ಮ್ಯೂ-ಲಾಗೆ ಹೊಂದಿಸಿದ ಐಪಿ ಫೋನುಗಳನ್ನು ಹಾಗೇ ಮೇಜಿನ ಮೇಲಿಟ್ಟು, ನಮ್ಮ ಎ-ಲಾ ಪಿಆರ್‌ಐಗೆ ಜೋಡಿಸಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ದೊಡ್ಡ ಹೊರೆಯೇನಲ್ಲ, ಆದರೂ ಪ್ರತಿ ಕರೆಯಲ್ಲೂ ಬೇಡದ ಒಂದು ಪರಿವರ್ತನೆ.

ನೆಟ್‌ವರ್ಕಿನಲ್ಲೂ ಇದೇ ಕಣ್ತಪ್ಪು. ಸರ್ವರಿನ ಮೂಲಕ 100 ಕರೆ ಹಾಯುತ್ತಿವೆ ಎನ್ನಿ. ಪ್ರತಿ ಕರೆಗೆ ಎರಡು ಕವಲು, ಮಾತಾಡುವ ಒಬ್ಬೊಬ್ಬರ ಕಡೆಗೂ ಒಂದೊಂದು; ಪ್ರತಿ ಕವಲಿಗೆ ಸೆಕೆಂಡಿಗೆ 50 ಪ್ಯಾಕೆಟ್ ಒಳಗೆ, 50 ಹೊರಗೆ. ಒಟ್ಟು 20,000 ಪ್ಯಾಕೆಟ್. ಒಂದೊಂದೂ ಸುಮಾರು 200 ಬೈಟಿನ ಪುಟಾಣಿ ಪೊಟ್ಟಣ, ಎಲ್ಲ ಸೇರಿದರೂ 32 ಮೆಗಾಬಿಟ್. ಗಿಗಾಬಿಟ್ ಲೈನಿನ ಮೂಲೆಯೂ ತುಂಬದು. ಆದರೂ ಸಾಧಾರಣ ನೆಟ್‌ವರ್ಕ್ ಕಾರ್ಡು ಇಲ್ಲಿ ತತ್ತರಿಸಬಹುದು, ಏಕೆಂದರೆ ಅದನ್ನು ದಣಿಸುವುದು ತೂಕವಲ್ಲ, ಎಣಿಕೆ. ರೆಕಾರ್ಡಿಂಗ್ ಕೂಡ ಹಾಗೆಯೇ: ಒಂದು ಕರೆ ನಿಮಿಷಕ್ಕೆ ಒಂದು ಮೆಗಾಬೈಟಿಗೂ ಸ್ವಲ್ಪ ಕಡಿಮೆ, ಆದರೆ ನೂರು ಕಡತಗಳಿಗೆ ಒಟ್ಟಿಗೆ ಬರೆಯಲು ತಿರುಗುವ ಡಿಸ್ಕಿನ ತಲೆ ಅಲ್ಲಿಂದಿಲ್ಲಿಗೆ ಓಡಬೇಕು.

ಹಣ ಹಾಕಲು ತಕ್ಕ ಜಾಗ ಒಂದಿದ್ದರೆ ಅದು ಎಕೋ ಅಳಿಸುವ ಚಿಪ್. ಎರಡು ತಂತಿಯ ಲೈನು ನಾಲ್ಕು ತಂತಿಯ ಜಾಲಕ್ಕೆ ಸೇರುವಲ್ಲಿ ಮಾತು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಹಳೆಯ ಫೋನಿನಲ್ಲಿ ವಿಳಂಬವಿಲ್ಲದ್ದರಿಂದ ಅದು ಕೇಳಿಸುತ್ತಿರಲಿಲ್ಲ. ಪ್ಯಾಕೆಟ್ಟಿನ ವಿಳಂಬ ಸೇರಿದೊಡನೆ ನಮ್ಮ ಮಾತೇ ನಮ್ಮ ಕಿವಿಗೆ ಮರಳುತ್ತದೆ. ಚಿಪ್‌ಗೆ ಹಣವಿಲ್ಲದಿದ್ದರೆ ಇದನ್ನು ಸಾಫ್ಟ್‌ವೇರಿನಲ್ಲೂ ಚೆನ್ನಾಗಿ ಅಳಿಸಬಹುದೆಂದು ತೋರಿಸಿದವರು ಆಸ್ಟ್ರೇಲಿಯಾದ ಡೇವಿಡ್ ರೋ. ಅವರ ಆಸ್ಲೆಕ್ ಮುಕ್ತ ತಂತ್ರಾಂಶ. ಅವರೇ ರೂಪಿಸಿದ ಐಪಿ04 ಎಂಬ ಪೆಟ್ಟಿಗೆಯಲ್ಲಿ ಆಸ್ಟರಿಸ್ಕ್ ಒಂದು ಬ್ಲ್ಯಾಕ್‌ಫಿನ್ ಚಿಪ್ಪಿನ ಮೇಲೆ ಓಡುತ್ತಿತ್ತು: ನಾಲ್ಕು ಲೈನು, ಫ್ಯಾನಿಲ್ಲ, ಕೆಲವೇ ವ್ಯಾಟ್ ವಿದ್ಯುತ್ತು, ಸರ್ಕ್ಯೂಟಿನ ನಕ್ಷೆಯೂ ಎಲ್ಲರಿಗೆ ಮುಕ್ತ. ಆ ಪೆಟ್ಟಿಗೆಯ ಬಗ್ಗೆ ಓದಿದಾಗ ನನಗೆ ನೆನಪಾದದ್ದು ನಮ್ಮ ಕಿತ್ತೂರು. 1986ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜನ್ನು ಸ್ಥಾಪಿಸಿದ್ದು ಅಲ್ಲಿ. ಎಸಿ ಇಲ್ಲದೆ, ಧೂಳು ಸೆಕೆಗಳ ನಡುವೆ ಓಡಬೇಕು ಎಂದೇ ರೂಪಿಸಿದ ಯಂತ್ರ ಅದು. ಅಲ್ಲಿ ಜಾಗ ಮೊದಲು ಬಂತು, ಯಂತ್ರ ಆಮೇಲೆ. ಇಂದು ಡೇಟಾ ಸೆಂಟರಿಗೆಂದು ಮಾಡಿದ ಸರ್ವರನ್ನು ತಾಲ್ಲೂಕು ಕಚೇರಿಯ ಮೆಟ್ಟಿಲ ಕೆಳಗೆ ಇಡುವ ನಾವು ಆ ಕ್ರಮವನ್ನು ತಿರುಗುಮುರುಗು ಮಾಡಿದ್ದೇವೆ.

ಅನಲಾಗ್ ಲೈನುಗಳಿರುವಲ್ಲಿ ಮುಂಗಾರಿನ ಸಿಡಿಲಿನ ಲೆಕ್ಕವೂ ಬೇಕು. ಮಲೆನಾಡಿನಲ್ಲಿ ಸರಿಯಾದ ಅರ್ಥಿಂಗೂ ಸಿಡಿಲು ತಡೆಯುವ ಟ್ಯೂಬೂ ಇಲ್ಲದೆ ಕಾರ್ಡ್ ಹಾಕಿದರೆ ಜೂನ್ ತಿಂಗಳು ಅದನ್ನು ಉಳಿಸುವುದಿಲ್ಲ. ಟ್ಯೂನಿಂಗಿಗೂ ಸ್ಥಳದ ಅರಿವು ಬೇಕು. ನಮ್ಮ ಲೈನುಗಳಲ್ಲಿ ಕರೆಯುವವರ ನಂಬರು ಬರುವ ರೀತಿ ಬೇರೆಯಾದ್ದರಿಂದ ಆಸ್ಟರಿಸ್ಕಿನಲ್ಲಿ ಭಾರತಕ್ಕೆಂದೇ ಒಂದು ಪೊಲಾರಿಟಿ ಆಯ್ಕೆ ಇದೆ. ಅದು ಗೊತ್ತಿಲ್ಲದೆ ಕಾರ್ಡನ್ನೇ ಬೈದು ಹಿಂದಿರುಗಿಸಿದವರನ್ನು ನೋಡಿದ್ದೇನೆ. ಬೇರೆಯವರ ಕರ್ನಲ್ ಸೆಟ್ಟಿಂಗುಗಳನ್ನು ಸಾಲುಗಟ್ಟಲೆ ನಕಲು ಹೊಡೆಯುವ ಚಟ ಇದಕ್ಕಿಂತ ಕೆಟ್ಟದ್ದು. ಆಸ್ಟರಿಸ್ಕಿಗೆ ರಿಯಲ್‌ಟೈಮ್ ಆದ್ಯತೆ ಕೊಡುವ ಆಯ್ಕೆಯನ್ನು ಕಣ್ಣುಮುಚ್ಚಿ ಹಾಕಿ, ಒಳಗೊಂದು ದೋಷ ಸುತ್ತಿಕೊಂಡಾಗ ಯಂತ್ರದೊಳಗೆ ಲಾಗಿನ್ ಆಗಲೂ ಜಾಗವಿಲ್ಲದಂತಾಗಿದ್ದುಂಟು. ಒಂದು ಸೆಟ್ಟಿಂಗ್ ಬದಲಿಸಿ, ಇಂಟರ್‌ನೆಟ್ ಫೋನಿನ ಸಿಪ್ ಕರೆಗಳ ಹೊರೆ ಹಾಕಿ ಅಳೆದು, ಕಿವಿಯಿಂದ ಕೇಳಿ, ಆಮೇಲೆ ಮುಂದಿನದಕ್ಕೆ ಹೋಗುವುದೇ ಟ್ಯೂನಿಂಗ್.

ಈಗ ಕಾರ್ಡುಗಳ ಕಾಲ ಬಹುಪಾಲು ಮುಗಿದಿದೆ. ಸಿಪ್ ಟ್ರಂಕ್ ಬಂದಿದೆ, ಸರ್ವರ್ ಎಲ್ಲೋ ಬಾಡಿಗೆಯ ವರ್ಚುವಲ್ ಯಂತ್ರವಾಗಿದೆ. ಸ್ಲಾಟಿನ ಜಗಳ ತೀರಿತು ಎಂದು ನೆಮ್ಮದಿಪಡುವವರಿಗೆ ನನ್ನ ತಕರಾರಿದೆ. ಅದೇ ಜಗಳ ಒಂದು ಯಂತ್ರವನ್ನು ಹಲವರಿಗೆ ಹಂಚುವ ಹೈಪರ್‌ವೈಸರಿಗೆ ವರ್ಗವಾಗಿದೆ. ಎಂಟು ಕೋರ್ ಎಂದು ಬಿಲ್ಲಿನಲ್ಲಿದ್ದರೂ ಅವನ್ನು ನೆರೆಯವರೊಡನೆ ಹಂಚಿಕೊಂಡಿದ್ದರೆ ನಮ್ಮ ಸರದಿ ಬರುವವರೆಗೆ ಮಾತು ಕಾಯುತ್ತದೆ. ಲಿನಕ್ಸಿನ 'ಟಾಪ್' ಎಂಬ ಆದೇಶದಲ್ಲಿ 'ಸ್ಟೀಲ್' ಎಂಬ ಅಂಕಿ ಆ ಕದ್ದ ಹೊತ್ತನ್ನು ತೋರಿಸುತ್ತದೆ. ಅದು ಬೆಳಗಿನ ಹನ್ನೊಂದಕ್ಕೆ, ಕರೆಗಳ ದಟ್ಟಣೆಯಲ್ಲಿ, ಸೊನ್ನೆಯ ಹತ್ತಿರ ನಿಲ್ಲದಿದ್ದರೆ ಆ ಯಂತ್ರ ಎಷ್ಟೇ ದೊಡ್ಡದಾಗಿರಲಿ, ಫೋನಿಗೆ ಒಗ್ಗದ ಯಂತ್ರ. ಹಂಚಿಕೊಳ್ಳದ ಎರಡು ಕೋರ್ ಹಂಚಿಕೊಂಡ ಎಂಟಕ್ಕಿಂತ ಮೇಲು.

ಚಟ್ ಚಟ್ ಸದ್ದಿನ ಅದೇ ಆಸ್ಪತ್ರೆ ಮುಂದೆ ಎಲ್ಲವನ್ನೂ ಕ್ಲೌಡಿಗೆ ಸಾಗಿಸಲು ಹೊರಟಾಗ ನಾನು ಅರ್ಧಕ್ಕೆ ಮಾತ್ರ ಒಪ್ಪಿದೆ. ಹೊರಗಿನ ಕರೆಗಳು ಬಾಡಿಗೆ ಸರ್ವರಿಗೆ ಹೋದವು. ಒಳಗಿನ ಎಕ್ಸ್‌ಟೆನ್ಷನ್ನುಗಳಿಗೆ ಫ್ಯಾನಿಲ್ಲದ ಒಂದು ಸಣ್ಣ ಪೆಟ್ಟಿಗೆಯನ್ನು ನೆಲಮಹಡಿಯಲ್ಲಿ, ಸ್ವಿಚ್ಚಿನ ಜೊತೆಗೆ ಅದೇ ಬ್ಯಾಟರಿಯ ಮೇಲೆ, ಹೊಸದಾಗಿ ತೋಡಿದ ಅರ್ಥಿಂಗ್ ಗುಂಡಿಗೆ ತಂತಿ ಎಳೆದು ಕೂರಿಸಿದೆವು. ಕರೆಂಟು ಹೋಗಲಿ, ಇಂಟರ್‌ನೆಟ್ ಕೇಬಲ್ಲನ್ನು ರಸ್ತೆ ಅಗೆಯುವವರು ಕಡಿಯಲಿ, ಐಸಿಯುವಿನಿಂದ ರಕ್ತನಿಧಿಗೆ ಹೋಗುವ ಕರೆ ಆ ಕಟ್ಟಡ ಬಿಟ್ಟು ಹೊರಗೆ ಹೋಗುವುದಿಲ್ಲ.