ಓಬವ್ವನ ಕತೆ ಯಾರ ಕೈಲಿದೆ?

ಕತೆ ಈಗ ಒಂದು ಯಂತ್ರದಲ್ಲಿ ನಿಂತರೆ ಇನ್ನೊಂದರಲ್ಲಿ ಮುಂದುವರಿಯುತ್ತದೆ. ಬಸ್ಸಿನಲ್ಲಿ ಕೂತು ಮೊಬೈಲಲ್ಲಿ ನೋಡುತ್ತಿದ್ದದ್ದು ಮನೆಯ ಟೀವಿಯಲ್ಲಿ ಬಿಟ್ಟ ಜಾಗದಿಂದಲೇ ಶುರುವಾಗುತ್ತದೆ. ಆಟದ ಕತೆಯಾದರೆ ನಾವು ಯಾವ ದಾರಿ ಹಿಡಿದೆವು, ಯಾರನ್ನು ಉಳಿಸಿದೆವು ಅನ್ನೋದನ್ನೂ ಯಂತ್ರ ನೆನಪಿಟ್ಟಿರುತ್ತದೆ. ಆ ನೆನಪು ಇರೋದು ಹೆಚ್ಚಾಗಿ ನಮ್ಮ ಮೊಬೈಲಲ್ಲಿ ಅಲ್ಲ, ದೂರದ ಕಂಪನಿಯ ಕಂಪ್ಯೂಟರಿನಲ್ಲಿ. ಅಮೆರಿಕದ ವಿದ್ವಾಂಸ ಹೆನ್ರಿ ಜೆಂಕಿನ್ಸ್ 2006ರ ತಮ್ಮ ಪುಸ್ತಕದಲ್ಲಿ, ‘ಮೇಟ್ರಿಕ್ಸ್’ ಕತೆ ಸಿನಿಮಾ, ಆಟ, ಚಿತ್ರಪುಸ್ತಕಗಳಲ್ಲಿ ಹಂಚಿಕೊಂಡು ಬೆಳೆದದ್ದನ್ನು ವಿವರಿಸಿದರು. ಅಲ್ಲಿಂದೀಚೆಗೆ ಇದನ್ನೇ ಹೊಸ ಯುಗ ಅಂತ ಕೊಂಡಾಡುವವರು ಹೆಚ್ಚಾಗಿದ್ದಾರೆ.

ಬೆರಗಾದವರು ದುರ್ಗದ ಸೀಮೆಗೆ ಬಂದು ನೋಡಲಿ. ಹಿರಿಯೂರು ಕಡೆಯ ಕಾಡುಗೊಲ್ಲರಲ್ಲಿ ಜುಂಜಪ್ಪನ ಕತೆ ಬಾಯಿಂದ ಗಣೆಗೆ, ಗಣೆಯಿಂದ ಬಾಯಿಗೆ ದಾಟಿಕೊಂಡು ಬಂದಿದೆ. ಕೇಳೋರು ಹ್ಞೂಂಗುಟ್ಟಿದರೇ ಕತೆ ಮುಂದೆ. ಹಾಡೋನು ಎಡವಿದರೆ ಕೂತ ಹಿರಿಯರು ತಡೆದು ತಿದ್ದುತ್ತಾರೆ. ಹಾಗಂತ ಆ ಹಟ್ಟಿಯನ್ನು ನಾವು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಮುಟ್ಟಾದ ಹೆಣ್ಣನ್ನು, ಹಸಿ ಬಾಣಂತಿಯನ್ನು ಹಟ್ಟಿಯಾಚೆ ಇಟ್ಟದ್ದೂ ಅದೇ ಹಟ್ಟಿ. ಕತೆಗೆ ದನಿಗೂಡಿಸುವ ಹಕ್ಕು ಅಲ್ಲೂ ಎಲ್ಲರಿಗೂ ಇರಲಿಲ್ಲ.

ಹಾಗಾಗಿ ನಮ್ಮ ಪ್ರಶ್ನೆ ಬೇರೆ. ಕತೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವಾಗ ಏನನ್ನು ಹೊತ್ತುಕೊಂಡು ಹೋದರು, ಏನನ್ನು ದಂಡೆಯಲ್ಲೇ ಬಿಟ್ಟರು?

ಒನಕೆ ಓಬವ್ವನ ಕತೆಯನ್ನೇ ತಗೊಳ್ಳಿ. ಮದಕರಿನಾಯಕನ ಕಾಲ. ಹೈದರಾಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಬಂದಿದ್ದಾನೆ. ನೀರಿಗೆ ಹೋದ ಹೆಂಡತಿ ಕಿಂಡಿಯಲ್ಲಿ ತೂರಿ ಬರುವ ಸೈನಿಕರನ್ನು ಕಂಡು ಒನಕೆ ಹಿಡಿದು ನಿಂತಳು. ಜನ ಹೇಳಿಕೊಂಡು ಬಂದದ್ದು ಇಷ್ಟು. ಅವಳು ಛಲವಾದಿಗಳ ಮಗಳು, ಹೊಲೆಗೇರಿಯ ಹೆಣ್ಣು ಅನ್ನೋದನ್ನೂ ಜನವೇ ಹೇಳಿಕೊಂಡು ಬಂದರು. ಕೋಟೆ 1779ರಲ್ಲಿ ಬಿತ್ತು. ಕತೆ ಬೀಳಲಿಲ್ಲ.

1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ತೆಗೆದರು. ಅದರ ಒಂದೇ ಒಂದು ಹಾಡಿನಲ್ಲಿ ಜಯಂತಿಯವರು ಓಬವ್ವನಾಗಿ ಬಂದರು. ಆ ಹಾಡು ರೇಡಿಯೋಗೆ, ಕ್ಯಾಸೆಟ್ಟಿಗೆ, ಟೀವಿಗೆ, ಮೊಬೈಲಿಗೆ ದಾಟಿತು. 2018ರಲ್ಲಿ ಸಿನಿಮಾವೇ ಹೊಸ ತಂತ್ರದಲ್ಲಿ ಮತ್ತೆ ತೆರೆಗೆ ಬಂತು. ಹೊಸದುರ್ಗ, ಹೊಳಲ್ಕೆರೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಅದೇ ಹಾಡಿಗೆ ಮಕ್ಕಳು ಬಣ್ಣದ ಒನಕೆ ಹಿಡಿದು ಕುಣಿಯುತ್ತವೆ. ಈ ಉಪಕಾರವನ್ನು ನಾವು ಮರೆಯುವುದಿಲ್ಲ. ಸಿನಿಮಾ ಇಲ್ಲದಿದ್ದರೆ ಬೀದರಿನ ಮಗುವಿಗೆ ಓಬವ್ವ ಎಲ್ಲಿ ಗೊತ್ತಾಗುತ್ತಿದ್ದಳು?

ಆದರೆ ಲೆಕ್ಕ ಕೇಳಲೇಬೇಕು. ಒನಕೆ ದಾಟಿತು, ಕಿಂಡಿ ದಾಟಿತು, ಸೀರೆಯ ನೆರಿಗೆಯೂ ದಾಟಿತು. ಕೇರಿ ದಾಟಲಿಲ್ಲ. ಹಾಡಿನೊಳಗೆ ಅವಳು ಕನ್ನಡನಾಡಿನ ವೀರಹೆಣ್ಣು; ಛಲವಾದಿ ಓಬವ್ವ ಅಲ್ಲ. ಯಂತ್ರ ನೆನಪಿಟ್ಟದ್ದು ಯಾರಿಗೂ ಮುಜುಗರ ತಾರದ ಭಾಗವನ್ನು ಮಾತ್ರ.

‘ವೀರಳಿಗೆ ಜಾತಿ ಯಾಕ್ರೀ?’ ಅಂತ ಕೇಳೋರಿದ್ದಾರೆ. ಸ್ವಾಮಿ, ಜಾತಿ ಬೇಡ ಅನ್ನೋದು ನಮಗೂ ಇಷ್ಟವೇ. ಆದರೆ ಬೀದಿ ನಲ್ಲಿಯಲ್ಲಿ ಕೊಡ ಇಡುವಾಗ, ಹೋಟೆಲಿನಲ್ಲಿ ಲೋಟ ಮುಟ್ಟುವಾಗ ಕೇಳುವ ಜಾತಿ, ಕೋಟೆ ಉಳಿಸಿದವಳ ಹೆಸರು ಹೇಳುವಾಗ ಮಾತ್ರ ಯಾಕೆ ಮರೆತುಹೋಗುತ್ತದೆ? ನೀರಿಗೆ ಹೋದವಳ ಕತೆ ಇದು. ಅವಳ ಕುಲದವರು ಮುಟ್ಟಿದ ನೀರನ್ನೇ ಮೈಲಿಗೆ ಅಂದ ನಾಡಿನಲ್ಲಿ ಈ ಮರೆವು ಆಕಸ್ಮಿಕ ಅಂತ ನಾವು ನಂಬುವುದಿಲ್ಲ. ಇನ್ನು ಕೆಲವರು ಹೈದರನ ದಂಡನ್ನು ಒಂದು ಇಡೀ ಧರ್ಮ ಮಾಡಿ ಅದೇ ಒನಕೆಯನ್ನು ಇವತ್ತಿನ ಪಕ್ಕದ ಮನೆಯವನ ಮೇಲೆ ಎತ್ತಲು ನೋಡುತ್ತಾರೆ. ಓಬವ್ವ ತಡೆದದ್ದು ಮುತ್ತಿಗೆಯನ್ನು, ಸಾಬರ ಕೇರಿಯನ್ನಲ್ಲ.

ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಮಾಡುತ್ತಿದೆ. ಅಲ್ಲಿ ಛಲವಾದಿ ಅನ್ನೋ ಹೆಸರು ಮತ್ತೆ ಕೇಳಿಸುತ್ತಿದೆ. ಅದನ್ನು ವಾಪಸ್ ತಂದದ್ದು ಯಾವ ಯಂತ್ರವೂ ಅಲ್ಲ, ಬಿಡದೆ ಹೇಳಿದ ಜನ.

ಈಗ ‘ನೋಡುವವನೇ ಕತೆ ಆರಿಸಿಕೊಳ್ಳಬಹುದು’ ಅಂತಾರೆ. ನೆಟ್‌ಫ್ಲಿಕ್ಸ್ ಕಂಪನಿ 2018ರ ಡಿಸೆಂಬರಿನಲ್ಲಿ ‘ಬ್ಯಾಂಡರ್‌ಸ್ನ್ಯಾಚ್’ ಅನ್ನೋ ಚಿತ್ರ ಬಿಟ್ಟಿತು. ನಾಯಕ ಬೆಳಿಗ್ಗೆ ಯಾವ ತಿಂಡಿ ತಿನ್ನಬೇಕು ಅನ್ನೋದರಿಂದ ಹಿಡಿದು ನೋಡುವವನೇ ಆರಿಸಬೇಕು. ಚೆನ್ನಾಗಿದೆ. ಆದರೆ ಎಲ್ಲ ದಾರಿಯನ್ನೂ ಮೊದಲೇ ಬರೆದಿಟ್ಟವರು ಅವರು. ಬರೆಯದ ದಾರಿಯಲ್ಲಿ ನಾವು ಒಂದು ಹೆಜ್ಜೆಯನ್ನೂ ಇಡಲಾರೆವು. 2025ರ ಮೇ ತಿಂಗಳಲ್ಲಿ ಕಂಪನಿ ಆ ಚಿತ್ರವನ್ನೇ ತೆಗೆದುಹಾಕಿತು. ಕತೆಯೂ ಹೋಯಿತು, ನಮ್ಮ ಆಯ್ಕೆಯೂ ಹೋಯಿತು. ಊಟಕ್ಕೆ ಕರೆದು ಎರಡು ಪಲ್ಯದಲ್ಲಿ ಒಂದನ್ನು ಆರಿಸು ಅಂದು, ಉಣ್ಣೋ ಹೊತ್ತಿಗೆ ಎಲೆ ಎತ್ತಿದ ಹಾಗೆ.

ನಾಳೆ ಯಾರೋ ಓಬವ್ವನ ಆಟ ಮಾಡುತ್ತಾರೆ. ಮಕ್ಕಳು ಮೊಬೈಲಲ್ಲಿ ಶುರು ಮಾಡಿ ಟೀವಿಯಲ್ಲಿ ಮುಂದುವರಿಸುತ್ತಾರೆ. ಹೊಡೆದ ತಲೆಗಳ ಲೆಕ್ಕ ತಪ್ಪದೆ ದಾಟುತ್ತದೆ. ಕೇರಿಯ ಲೆಕ್ಕ? ಅದನ್ನು ನಾವೇ ಇಡಬೇಕು.

ಇದಕ್ಕೆ ದೊಡ್ಡ ದುಡ್ಡು ಬೇಡ. ಟ್ವೈನ್ ಅನ್ನೋ ಉಚಿತ ಸಾಧನ 2009ರಿಂದ ಇದೆ. ಕತೆಯನ್ನು ತುಂಡುತುಂಡಾಗಿ ಬರೆದು, ಯಾವ ತುಂಡಿನಿಂದ ಯಾವ ತುಂಡಿಗೆ ಹೋಗಬಹುದು ಅಂತ ದಾರಿ ಕಟ್ಟಿದರೆ ಸಾಕು, ಕೊನೆಗೆ ಅದು ಒಂದೇ ಕಡತವಾಗಿ ಸಿಗುತ್ತದೆ. ಕನ್ನಡದಲ್ಲೇ ಬರೆಯಬಹುದು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಾಲೆಯ ಕಂಪ್ಯೂಟರಿನಲ್ಲೂ ಮೊಬೈಲಲ್ಲೂ ನೆಟ್ ಇಲ್ಲದೆ ತೆರೆಯಬಹುದು. ಕಂಪನಿಯ ಅಪ್ಪಣೆ ಬೇಕಿಲ್ಲ.

ಮೇಷ್ಟ್ರುಗಳೇ, ಓದುತ್ತಿರುವ ಗೆಳೆಯರೇ, ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲ ತಲೆ ನಮ್ಮದು. ಹೊಸದುರ್ಗದ, ಹೊಳಲ್ಕೆರೆಯ, ಹಿರಿಯೂರಿನ ಕೇರಿಗಳಿಗೆ ಹೋಗೋಣ. ಅಜ್ಜಿಯರನ್ನು ಕೇಳಿ, ಒಪ್ಪಿಗೆ ಪಡೆದು, ಅವರು ಓಬವ್ವನ ಕತೆ ಹೇಳೋದನ್ನು ಅವರ ದನಿಯಲ್ಲೇ ಹಿಡಿದಿಡೋಣ. ಒಬ್ಬರ ಕತೆ ಇನ್ನೊಬ್ಬರದಕ್ಕೆ ಹೊಂದದಿದ್ದರೆ ಎರಡನ್ನೂ ಇಡೋಣ. ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಕೇರಿಯಲ್ಲಿ ಇರಲಿ. ಮಕ್ಕಳು ಅದಕ್ಕೆ ತಮ್ಮ ತುಂಡು ಸೇರಿಸಲಿ. ಮುಂದಿನ ನವೆಂಬರ್ 11ಕ್ಕೆ ಹಾಡಿಗೆ ಕುಣಿಸುವ ಮೊದಲು ಆ ಅಜ್ಜಿಯರ ದನಿಯನ್ನು ಮೈಕಿನಲ್ಲಿ ಕೇಳಿಸೋಣ.