ಕೇಳಿದಾಗಷ್ಟೇ ಕೊಡುವ ಜನರೇಟರ್

ಫ್ಲೂಗರ್‌ವಿಲ್‌ನಲ್ಲಿ ಕೂತು ಪೈಥಾನ್ ಬರೆಯುವ ಕನ್ನಡಿಗರಿಗೆ ಅದು ನೆರೆಮನೆಯ ಭಾಷೆಯೇ: ಎನ್‌ಥಾಟ್, ಅನಕೊಂಡಾ ಎರಡೂ ಪಕ್ಕದ ಆಸ್ಟಿನ್‌ನಲ್ಲಿ ಹುಟ್ಟಿದ ಪೈಥಾನ್ ಕಂಪನಿಗಳು. ಈ ಭಾಷೆಯಲ್ಲಿ ನನಗೆ ತೀರಾ ಮೆಚ್ಚಿಗೆಯಾದದ್ದು 2001ರಲ್ಲಿ 2.2ನೇ ಆವೃತ್ತಿಯೊಂದಿಗೆ ಬಂದ ಜನರೇಟರ್. ದೈತ್ಯ ಲಾಗ್ ಫೈಲನ್ನು ಮೆಮೊರಿಗೆ ತುರುಕುವುದಿಲ್ಲ. ಕಾವಲಿಯಿಂದ ನೇರ ತಟ್ಟೆಗೆ ಬೀಳುವ ದೋಸೆಯಂತೆ, ಕೇಳಿದಾಗ ಒಂದು ಸಾಲು. ‘ಯೀಲ್ಡ್’ ಬಂದಲ್ಲಿ ಫಂಕ್ಷನ್ ನಿಲ್ಲುತ್ತದೆ, ಒಳಗಿನ ವೇರಿಯಬಲ್‌ಗಳೆಲ್ಲ ಹಾಗೇ ಉಳಿಯುತ್ತವೆ, ಮತ್ತೆ ಕೇಳಿದರೆ ಅಲ್ಲಿಂದಲೇ ಮುಂದಕ್ಕೆ. ಎಂಥ ಸೊಗಸು!

ತೊಡಕು ಒಂದೇ: ಒಮ್ಮೆ ಬರಿದಾದರೆ ಮುಗಿಯಿತು. ಆಗ ನೆರವಿಗೆ ಬರುವುದು ಕರೆಯಬಲ್ಲ ಆಬ್ಜೆಕ್ಟ್. ಕ್ಲಾಸಿನಲ್ಲಿ ‘ಕಾಲ್’ ಎಂಬ ವಿಶೇಷ ಮೆಥಡ್ ಬರೆದರೆ ಆಬ್ಜೆಕ್ಟನ್ನೇ ಫಂಕ್ಷನ್‌ನಂತೆ ಕರೆಯಬಹುದು. ಫೈಲಿನ ಹೆಸರು ಅದರ ನೆನಪಿನಲ್ಲೇ ಇರುತ್ತದೆ. ಕರೆದಾಗಲೆಲ್ಲ ಹೊಸ ಜನರೇಟರ್. ಜನರೇಟರ್‌ನಿಂದ ಡೇಟಾಸೆಟ್ ಕಟ್ಟುವಾಗ ಯಂತ್ರಕಲಿಕೆಯ ಟೆನ್ಸರ್‌ಫ್ಲೋ ಕೇಳುವುದೂ ಇಂಥದ್ದನ್ನೇ. ತರಬೇತಿಯ ಪ್ರತಿ ಸುತ್ತಿಗೂ, ಅಂದರೆ ಎಪಾಕ್‌ಗೂ, ಮೊದಲಿನಿಂದ ಓದಬೇಕಲ್ಲ.